ಸುಳ್ಳು ಹೇಳಲಾರದ ಗುಪ್ತಚಾರಿಣಿ

ವಿಜಯದಶಮಿಯ ರಾತ್ರಿ ನಮ್ಮ ಬನ್ನಿಮಂಟಪ ಮೈದಾನದಲ್ಲಿ ಪಂಜಿನ ಕವಾಯತು ನೋಡದ ಮೈಸೂರಿಗರು ವಿರಳ. ಅಲ್ಲಿಂದ ಸಂತ ಫಿಲೋಮಿನಾ ಕಾಲೇಜಿನ ಮುಂದಿನ ಬೆಂಗಳೂರು ರಸ್ತೆ ಹಿಡಿದರೆ ಸ್ವಲ್ಪ ಹೊತ್ತಿಗೇ ಶ್ರೀರಂಗಪಟ್ಟಣ ಸಿಗುತ್ತದೆ. 1799ರ ಮೇ 4ರಂದು ಟಿಪ್ಪು ಸುಲ್ತಾನ್ ಬ್ರಿಟಿಷರೊಡನೆ ಹೋರಾಡಿ ಮಡಿದದ್ದು ಅಲ್ಲಿ. ಟಿಪ್ಪು ಎಂದೊಡನೆ ಕರಾವಳಿ ಮೂಲದ ನಮ್ಮ ಕುಟುಂಬಗಳಿಗೆ 1784ರ ಸೆರೆವಾಸ ನೆನಪಾಗುವುದು ಸಹಜ. ಆದರೂ ಆ ವಂಶದ ಒಬ್ಬ ಹೆಣ್ಣುಮಗಳ ಬದುಕನ್ನು ನಾವು ತಿಳಿಯಬೇಕು. ಆಕೆಯೇ ನೂರ್ ಇನಾಯತ್ ಖಾನ್.

ನೂರ್ ಹುಟ್ಟಿದ್ದು 1914ರ ಜನವರಿಯಲ್ಲಿ, ಮಾಸ್ಕೋದಲ್ಲಿ. ತಂದೆ ಬರೋಡೆಯ ಸಂಗೀತಗಾರ, ಸೂಫಿ ಗುರು ಇನಾಯತ್ ಖಾನ್. ತಾಯಿ ಅಮೆರಿಕದವರು. ತಂದೆಯ ತಾತ ಮೌಲಾ ಬಕ್ಷ್ ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ಸನ್ಮಾನ ಪಡೆದ ಗಾಯಕರು. ಅವರು ಮದುವೆಯಾದದ್ದು ಟಿಪ್ಪುವಿನ ವಂಶದ ಹೆಣ್ಣನ್ನು. ನೂರ್ ಬೆಳೆದದ್ದು ಮಾತ್ರ ಪ್ಯಾರಿಸ್ ಬಳಿಯ ಸುರೇನ್‌ನಲ್ಲಿ. 1927ರಲ್ಲಿ ತಂದೆ ತೀರಿಕೊಂಡಾಗ ಆಕೆಗೆ 13 ವರ್ಷ. ದುಃಖದಲ್ಲಿ ಮುಳುಗಿದ ತಾಯಿಯನ್ನೂ ಮೂವರು ಒಡಹುಟ್ಟಿದವರನ್ನೂ ನೋಡಿಕೊಳ್ಳುವ ಭಾರ ಆ ಹುಡುಗಿಯ ಮೇಲೆ ಬಿತ್ತು. ಮುಂದೆ ಸಂಗೀತ ಕಲಿತಳು, ಮಕ್ಕಳ ಕಥೆ ಬರೆದಳು. 1939ರಲ್ಲಿ ಆಕೆಯ ಜಾತಕ ಕಥೆಗಳ ಪುಸ್ತಕ ಹೊರಬಂತು. ನಮ್ಮ ಪುಣ್ಯಕೋಟಿಯ ನೆರೆಹೊರೆಯ ಕಥೆಗಳವು.

1940ರ ಜೂನ್‌ನಲ್ಲಿ ಫ್ರಾನ್ಸ್ ಹಿಟ್ಲರನ ವಶವಾಯಿತು. ಕುಟುಂಬ ಹಡಗು ಹತ್ತಿ ನೆರೆಯ ಇಂಗ್ಲೆಂಡ್ ಸೇರಿತು. ಅಹಿಂಸೆಯನ್ನೇ ಕೇಳಿ ಬೆಳೆದವಳು, ನವೆಂಬರ್‌ನಲ್ಲಿ ಬ್ರಿಟಿಷ್ ವಾಯುಪಡೆಯ ಮಹಿಳಾ ದಳಕ್ಕೆ ಸೇರಿ ವೈರ್‌ಲೆಸ್ ಕಲಿತಳು. ಫ್ರೆಂಚ್ ಭಾಷೆ ಬಲ್ಲವಳೆಂದು 1943ರಲ್ಲಿ ರಹಸ್ಯ ಪಡೆ ಆಕೆಯನ್ನು ಆರಿಸಿಕೊಂಡಿತು. ತರಬೇತಿ ಕೊಟ್ಟವರಲ್ಲಿ ಕೆಲವರಿಗೆ ಅನುಮಾನವಿತ್ತು. ಈಕೆಗೆ ಎರಡು ಮುಖದ ವ್ಯವಹಾರ ಹಿಡಿಸದು, ಸುಳ್ಳು ಬಾಯಿಗೆ ಬಾರದು. ಇಂಥವಳು ಗೂಢಚಾರಿಣಿಯೇ? ಆದರೂ ಜೂನ್ 16ರ ರಾತ್ರಿ ಸಣ್ಣ ವಿಮಾನದಲ್ಲಿ ಆಕೆಯನ್ನು ಫ್ರಾನ್ಸಿಗೆ ಕಳಿಸಿದರು. ಆಕ್ರಮಿತ ಫ್ರಾನ್ಸಿಗೆ ಕಳಿಸಲ್ಪಟ್ಟ ಮೊದಲ ಮಹಿಳಾ ರೇಡಿಯೊ ನಿರ್ವಾಹಕಿ ಆಕೆ.

ಕೆಲವೇ ದಿನಗಳಲ್ಲಿ ಸಂಗಾತಿಗಳು ಒಬ್ಬೊಬ್ಬರಾಗಿ ಸೆರೆಯಾದರು. ಹಿಂದಿರುಗಿ ಬಾ ಎಂದು ಲಂಡನ್ ಕರೆದರೂ ಆಕೆ ಬರಲಿಲ್ಲ. ರೇಡಿಯೊ ಪೆಟ್ಟಿಗೆ ಹೊತ್ತು ಮನೆಯಿಂದ ಮನೆಗೆ ಅಲೆದಳು. ಅಕ್ಟೋಬರ್‌ನಲ್ಲಿ ಯಾರೋ ದ್ರೋಹ ಬಗೆದರು, ಸಿಕ್ಕಿಬಿದ್ದಳು. ಒಂದು ತಪ್ಪನ್ನು ಮರೆಮಾಚಬಾರದು: ಕಳಿಸಿದ ಸಂದೇಶಗಳನ್ನೆಲ್ಲ ಆಕೆ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು. ಅದು ಶತ್ರುವಿನ ಕೈಸೇರಿತು. ಜರ್ಮನರು ಆಕೆಯ ಹೆಸರಿನಲ್ಲೇ ಲಂಡನ್ನಿಗೆ ಸುಳ್ಳು ಸಂದೇಶ ಕಳಿಸಿದರು, ಲಂಡನ್ ನಂಬಿತು. 1944ರ ಫೆಬ್ರವರಿಯ ಕೊನೆಯಲ್ಲಿ ಪ್ಯಾರಾಚೂಟಿನಲ್ಲಿ ಇಳಿದ ಮದ್ಲೇನ್ ದಾಮೆರ್ಮಾ ಎಂಬ ಫ್ರೆಂಚ್ ಯುವತಿ ಮತ್ತು ಇಬ್ಬರು ಜೊತೆಗಾರರು ನೇರವಾಗಿ ಗೆಸ್ಟಾಪೊ ಕೈಗೆ ಬಿದ್ದರು.

ವಿಚಾರಣೆಯಲ್ಲಿ ನೂರ್ ಏನನ್ನೂ ಬಿಟ್ಟುಕೊಡಲಿಲ್ಲವೆಂದು ಆಕೆಯನ್ನು ಸೆರೆಯಲ್ಲಿಟ್ಟಿದ್ದ ಜರ್ಮನ್ ಅಧಿಕಾರಿಯೇ ಯುದ್ಧಾನಂತರ ಸಾಕ್ಷಿ ನುಡಿದ. ನವೆಂಬರ್‌ನಲ್ಲಿ ಇನ್ನಿಬ್ಬರೊಡನೆ ಚಾವಣಿ ಹತ್ತಿ ಓಡಲೆತ್ನಿಸಿದಳು. ವಿಮಾನದಾಳಿಯ ಎಚ್ಚರಿಕೆ ಮೊಳಗಿತು, ಮತ್ತೆ ಹಿಡಿದರು. ಇನ್ನು ತಪ್ಪಿಸಿಕೊಳ್ಳುವುದಿಲ್ಲವೆಂದು ಸಹಿ ಹಾಕು ಎಂದರು. ಹಾಕಿ, ಸಮಯ ಸಿಕ್ಕಾಗ ಮುರಿಯಬಹುದಿತ್ತಲ್ಲ! ಆಕೆ ಹಾಕಲಿಲ್ಲ. ಜೀವ ಉಳಿಸಲು ಸುಳ್ಳಾಡಬಹುದೇ ಎಂದು ಸೆಮಿನರಿಯಲ್ಲಿ ನಾವು ಗಂಟೆಗಟ್ಟಲೆ ವಾದಿಸಿದ್ದುಂಟು. ಸಂತ ಅಗಸ್ಟೀನರು ಕೂಡದು ಎಂದವರು. ನಮಗದು ತೀರಾ ಕಠಿಣವೆನಿಸಿತ್ತು.

ಆ ನಿರಾಕರಣೆಗಾಗಿ ಜರ್ಮನಿಯ ಫೋರ್ಟ್ಸ್‌ಹೈಮ್ ಸೆರೆಮನೆಯಲ್ಲಿ ಸುಮಾರು 10 ತಿಂಗಳು ಕೈಕಾಲಿಗೆ ಸರಪಳಿ, ಒಂಟಿ ಕೋಣೆ. ರಾತ್ರಿ ಆಕೆ ಅಳುವುದು ಪಕ್ಕದ ಕೈದಿಗಳಿಗೆ ಕೇಳಿಸುತ್ತಿತ್ತು. ಬಳಿಕ ಡಾಖಾವ್ ಶಿಬಿರಕ್ಕೆ ಒಯ್ದರು. ಸುಮಾರು 2,700 ಗುರುಗಳು ಮತ್ತು ಧರ್ಮಸೇವಕರು, ಬಹುಪಾಲು ಕಥೋಲಿಕರು, ಬಂಧಿಗಳಾಗಿದ್ದ ಜಾಗವದು. ಸಂತ ಟೈಟಸ್ ಬ್ರಾಂಡ್ಸ್ಮಾ 1942ರಲ್ಲಿ ಪ್ರಾಣಬಿಟ್ಟದ್ದೂ ಅಲ್ಲೇ. 1944ರ ಸೆಪ್ಟೆಂಬರ್ 13ರಂದು ನೂರ್ ಮತ್ತು ಇನ್ನು ಮೂವರು ಮಹಿಳೆಯರನ್ನು ಗುಂಡಿಟ್ಟು ಕೊಂದರು. ಆಕೆಗೆ 30 ವರ್ಷ. 1949ರಲ್ಲಿ ಬ್ರಿಟನ್ ಮರಣೋತ್ತರವಾಗಿ ಜಾರ್ಜ್ ಕ್ರಾಸ್ ನೀಡಿತು.

ಡಾಖಾವ್‌ನಲ್ಲಿ ಈಗ ಒಂದು ಫಲಕವಿದೆ. ಅದರಲ್ಲಿ ನೂರ್ ಹೆಸರಿನ ಜೊತೆಗಿರುವ ಮೂರು ಹೆಸರುಗಳಲ್ಲಿ ಒಂದು ಮದ್ಲೇನ್ ದಾಮೆರ್ಮಾಳದು.