ಬನ್ನಿಯ ಮರವೂ ಪರಮಾಣುವೂ: ಡಾ. ರಾಜಾ ರಾಮಣ್ಣನವರು

ವಿಜಯದಶಮಿಯ ಮೆರವಣಿಗೆಯು ಬನ್ನಿಮಂಟಪಕ್ಕೆ ಬಂದು ಮುಗಿಯುವುದನ್ನು ವಾಚಕರೆಲ್ಲರೂ ಬಲ್ಲರು. ಪಾಂಡವರು ಅಜ್ಞಾತವಾಸದಲ್ಲಿ ತಮ್ಮ ಆಯುಧಗಳನ್ನು ಬನ್ನಿಯ ಮರದಲ್ಲಿರಿಸಿದ ಕಥೆಯೇ ಆ ಪೂಜೆಗೆ ಮೂಲವಷ್ಟೆ. ಅದೇ ಬನ್ನಿಮಂಟಪದಲ್ಲಿ ೧೯೮೪ರಲ್ಲಿ ಜೆ. ಎಸ್. ಎಸ್. ವೈದ್ಯಕೀಯ ವಿದ್ಯಾಲಯವು ಸ್ಥಾಪಿತವಾಯಿತು. ಆಯುಧದ ಸ್ಮರಣೆಯೂ ಔಷಧದ ಅಧ್ಯಯನವೂ ಕೂಡಿರುವ ಈ ನೆಲವು, ಪರಮಾಣುವಿನ ಉಭಯಮುಖಗಳನ್ನೂ ಒಂದೇ ಬಾಳಿನಲ್ಲಿ ಕಂಡ ಕನ್ನಡಿಗರೊಬ್ಬರನ್ನು ನೆನಪಿಗೆ ತರುತ್ತದೆ.

ರಾಮಣ್ಣನವರು ೧೯೨೫ರ ಜನವರಿ ೨೮ರಂದು ಮೈಸೂರು ಸಂಸ್ಥಾನದಲ್ಲಿ ಜನಿಸಿದರು. ತಂದೆಯವರು ಸಂಸ್ಥಾನದ ನ್ಯಾಯಾಂಗದಲ್ಲಿದ್ದವರು. ಬಾಲ್ಯದಲ್ಲಿಯೇ ಪಿಯಾನೊ ವಾದ್ಯವು ಅವರಿಗೆ ಒಲಿದಿತ್ತು. ೧೯೪೪ರಲ್ಲಿ ಹೋಮಿ ಭಾಭಾರವರ ಪರಿಚಯವಾದುದೂ ಸಂಗೀತದ ಅಭಿರುಚಿಯ ಮೂಲಕವೇ. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಡಾಕ್ಟರ್ ಪದವಿಯನ್ನು ಪಡೆದು, ೧೯೪೯ರಲ್ಲಿ ಮುಂಬಯಿಯ ಟಾಟಾ ಸಂಶೋಧನ ಸಂಸ್ಥೆಯಲ್ಲಿ ಭಾಭಾರವರನ್ನು ಕೂಡಿಕೊಂಡರು.

೧೯೫೬ರ ಆಗಸ್ಟ್ ೪ರಂದು ಟ್ರಾಂಬೆಯಲ್ಲಿ ಅಪ್ಸರಾ ಸ್ಥಾವರವು ಚಾಲನೆಗೊಂಡಿತು. ಅದರ ಇಂಧನವನ್ನು ಬ್ರಿಟನ್ ಕೊಟ್ಟಿತ್ತು. ೧೯೬೦ರಲ್ಲಿ ಕೆನಡಾದ ನೆರವಿನಿಂದ ಸೈರಸ್ ಬಂದಿತು. ಇಂಥ ಸ್ಥಾವರಗಳಲ್ಲಿಯೇ ರೋಗಿಗಳಿಗೆ ಬೇಕಾದ ವಿಕಿರಣಶೀಲ ಧಾತುಗಳು ತಯಾರಾಗುವುವು. ಕಂಠದ ಥೈರಾಯ್ಡ್ ಗ್ರಂಥಿಯು ಅಯೋಡಿನ್ನನ್ನು ತಾನಾಗಿಯೇ ಸೆಳೆದುಕೊಳ್ಳುವುದರಿಂದ, ಅಯೋಡಿನ್-೧೩೧ನ್ನು ಕುಡಿಸಿದರೆ ಅದು ಶಸ್ತ್ರದ ಹಂಗಿಲ್ಲದೆ ರೋಗಸ್ಥಾನವನ್ನು ಸೇರಿ ಕೆಲಸಮಾಡುತ್ತದೆ. ೧೯೬೩ರಲ್ಲಿ ಮುಂಬಯಿಯಲ್ಲಿ ವಿಕಿರಣ ವೈದ್ಯಕೇಂದ್ರವು ಈ ಕಾರ್ಯಕ್ಕಾಗಿಯೇ ಆರಂಭವಾಯಿತು.

೧೯೭೨ರಲ್ಲಿ ರಾಮಣ್ಣನವರು ಭಾಭಾ ಪರಮಾಣು ಸಂಶೋಧನ ಕೇಂದ್ರದ ನಿರ್ದೇಶಕರಾದರು. ೧೯೭೪ರ ಮೇ ೧೮ರ ಪೋಖರಣ್ ಸ್ಫೋಟವು ಅವರ ನೇತೃತ್ವದಲ್ಲಿಯೇ ನಡೆಯಿತು. ದೇಶವು ಹಿಗ್ಗಿತು, ಕೆನಡಾ ತನ್ನ ಸಹಕಾರವನ್ನು ಹಿಂತೆಗೆದುಕೊಂಡಿತು. ಈ ಸ್ಫೋಟದ ಔಚಿತ್ಯವನ್ನು ಕುರಿತು ಭಿನ್ನಾಭಿಪ್ರಾಯಗಳುಂಟು. ಆದರೆ ಕೈಬಿಟ್ಟವರನ್ನು ದೂರುತ್ತ ಅವರು ಕುಳಿತಿರಲಿಲ್ಲವೆಂಬುದು ನಿರ್ವಿವಾದ. ಅವರು ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರಾಗಿದ್ದಾಗ, ೧೯೮೫ರಲ್ಲಿ, ಸ್ವದೇಶೀಯರ ಬುದ್ಧಿಯಿಂದಲೇ ಧ್ರುವ ಸ್ಥಾವರವು ಸಿದ್ಧವಾಯಿತು. ಅರ್ಬುದವನ್ನು ಹುಡುಕಿ ಅಲ್ಲಿಯೇ ದಹಿಸುವ ಲುಟೀಶಿಯಮ್-೧೭೭ ಧ್ರುವದಲ್ಲಿ ತಯಾರಾದುದನ್ನು ಕಂಡವರು ಆ ಶ್ರಮದ ಫಲವನ್ನು ಅಲ್ಲಗಳೆಯಲಾರರು. ರಾಮಣ್ಣನವರು ೨೦೦೪ರ ಸೆಪ್ಟೆಂಬರ್ ೨೪ರಂದು ಕಾಲವಶರಾದರು. ೨೦೧೦ರಲ್ಲಿ ಕೆನಡಾ ಮತ್ತೆ ಭಾರತದೊಡನೆ ಪರಮಾಣು ಸಹಕಾರದ ಒಪ್ಪಂದಕ್ಕೆ ಸಹಿಹಾಕಿತು. ಅದೇ ವರ್ಷದ ಕೊನೆಗೆ ಸೈರಸ್ ಶಾಶ್ವತವಾಗಿ ನಿಂತಿತು. ೨೦೧೮ರಲ್ಲಿ ಅಪ್ಸರಾ ಹೊಸ ರೂಪದಲ್ಲಿ ಮರಳಿ ಬಂದಿತು. ವೈದ್ಯಕೀಯ ಧಾತುಗಳ ತಯಾರಿಕೆಯು ಅದರ ಮುಖ್ಯ ಉದ್ದೇಶಗಳಲ್ಲೊಂದು.

ಈ ಜೀವನದಿಂದ ನಾವು ಕಲಿಯಬೇಕಾದುದೇನು? ಆಯುಧವು ವರ್ಷಕಾಲ ಮರದ ಮೇಲೆ ಕಾದೀತು. ಆಸ್ಪತ್ರೆಗಳಲ್ಲಿ ನಿತ್ಯವೂ ಬಳಸುವ ಟೆಕ್ನೀಶಿಯಮ್ಮಾದರೋ ಆರು ಗಂಟೆಗಳಲ್ಲಿ ಅರ್ಧ ಕರಗಿಹೋಗುವುದು. ಅದನ್ನು ಉಗ್ರಾಣದಲ್ಲಿ ಕೂಡಿಡುವುದು ಯಾವ ಸರಕಾರಕ್ಕೂ ಸಾಧ್ಯವಿಲ್ಲ. ಸ್ಥಾವರದಿಂದ ವಿಮಾನಕ್ಕೂ, ವಿಮಾನದಿಂದ ರೋಗಿಯ ಶಯ್ಯೆಗೂ ಇರುವ ಸರಪಳಿಯ ಒಂದು ಕೊಂಡಿ ಕಳಚಿದರೂ ರೋಗಿಯೇ ಬೆಲೆ ತೆರಬೇಕು. ಆದುದರಿಂದ ಸ್ವಾವಲಂಬನವೂ ಬೇಕು, ಪರರಾಷ್ಟ್ರಗಳ ಸ್ನೇಹವೂ ಬೇಕು. ಮುಂದಿನ ದಶಮಿಯಂದು ಬನ್ನಿಯನ್ನು ಹಂಚಿಕೊಳ್ಳುವ ನಾಗರಿಕರೂ ಅಧಿಕಾರಿಗಳೂ ಇದನ್ನು ಮನಸ್ಸಿಗೆ ತಂದುಕೊಳ್ಳಲಿ.