ಮೋಶೆ ಬೆನ್ ಮೈಮೋನ್: ವಿದ್ಯೆಯನ್ನು ಮಾರದ ಪಂಡಿತ

ರಾಜ್ಯೋತ್ಸವದ ಸಂಚಿಕೆಯಲ್ಲಿ ಈಜಿಪ್ತಿನ ಯಹೂದಿ ಪಂಡಿತನೊಬ್ಬನ ಚರಿತ್ರೆಗೆ ಏನು ಕೆಲಸವೆಂದು ವಾಚಕ ಬಂಧುಗಳು ಕೇಳಬಹುದು. ಮುಂಬಯಿಯಲ್ಲಿ ನೆಲೆಸಿದ ನಮಗೆ ಯಹೂದಿಗಳು ತೀರ ಅಪರಿಚಿತರೇನೂ ಅಲ್ಲ. ಕೊಲಾಬದ ಸಸೂನ್ ಡಾಕಿನ ಹೆಸರನ್ನು ಕೇಳದವರು ಈ ಊರಲ್ಲಿ ಯಾರಿದ್ದಾರೆ? ಆದರೆ ನಾವು ಹೇಳಹೊರಟ ಕಥೆ ಸಸೂನರಿಗಿಂತ ಏಳುನೂರು ವರ್ಷ ಹಿಂದಿನದು. ಅದರ ಒಂದು ಎಳೆ ನಮ್ಮ ಮಂಗಳೂರಿಗೂ ಬಂದು ತಾಗುತ್ತದೆ. ಹಗಲೆಲ್ಲ ಪರರ ಹಣವನ್ನು ಎಣಿಸಿ ಖಾತೆ ಬರೆಯುವ ನಮ್ಮಂಥ ಬ್ಯಾಂಕಿನ ಕಾರಕೂನರಿಗೆ ಈ ಪುರುಷನ ವಿಷಯದಲ್ಲಿ ಕುತೂಹಲ ಹುಟ್ಟಿದ್ದು ಸಹಜ. ದುಡಿಮೆ, ಸಾಲ, ಕೂಲಿ, ದಾನ ಇವೆಲ್ಲ ದೇವರ ಸೇವೆಯ ಭಾಗವೇ ಎಂದು ಬಗೆದು, ಅವಕ್ಕೆ ಒಂದೊಂದಾಗಿ ವಿಧಿ ಬರೆದವನು ಆತ.

ಮೋಶೆ ಬೆನ್ ಮೈಮೋನ್ ಹುಟ್ಟಿದ್ದು 1138ರಲ್ಲಿ, ಸ್ಪೇನಿನ ಕಾರ್ಡೋಬಾ ನಗರದಲ್ಲಿ. ಯುರೋಪಿನವರು ಮೈಮೊನಿಡೀಸ್ ಎಂದೂ, ಯಹೂದಿಗಳು ಪ್ರೀತಿಯಿಂದ ರಂಬಾಮ್ ಎಂದೂ ಕರೆಯುವುದು ಈತನನ್ನೇ. ತಂದೆ ಮೈಮೋನನು ಯಹೂದಿ ಧರ್ಮಪೀಠದ ನ್ಯಾಯಾಧೀಶನು. ಹುಡುಗನಿಗೆ ಹತ್ತು ವರ್ಷವಾಗಿದ್ದಾಗ, 1148ರಲ್ಲಿ, ಉತ್ತರ ಆಫ್ರಿಕೆಯಿಂದ ಬಂದ ಅಲ್‌ಮೊಹದ್ ಅರಸರು ಕಾರ್ಡೋಬಾವನ್ನು ಹಿಡಿದರು. ಮತಾಂತರಗೊಳ್ಳು, ಇಲ್ಲವೇ ಊರು ಬಿಡು ಎಂಬ ಗತಿ ಬಂದಿತು. ಕುಟುಂಬವು ಸ್ಪೇನಿನಲ್ಲಿಯೇ ವರ್ಷಗಟ್ಟಲೆ ಅಲೆದು, 1160ರ ಸುಮಾರಿಗೆ ಮೊರೊಕ್ಕೋದ ಫೆಜ್ ನಗರಕ್ಕೂ, 1165ರಲ್ಲಿ ಹಡಗು ಹತ್ತಿ ಪ್ಯಾಲೆಸ್ತೀನಿನ ಆಕ್ರೆ ಬಂದರಕ್ಕೂ ಹೋಗಿ, ಕಡೆಗೆ ಈಜಿಪ್ತಿನ ಫುಸ್ತಾತದಲ್ಲಿ, ಅಂದರೆ ಹಳೆಯ ಕೈರೋದಲ್ಲಿ, ಬಿಡಾರ ಹೂಡಿತು. ತಂದೆ ಸ್ವಲ್ಪ ಕಾಲದಲ್ಲೇ ತೀರಿಕೊಂಡನು.

ಫುಸ್ತಾತದ ಮನೆಯನ್ನು ನಡೆಸಿದವನು ತಮ್ಮನಾದ ದಾವೀದ. ರತ್ನಪಡಿ ವ್ಯಾಪಾರ ಅವನದು. ಅಣ್ಣನು ಓದುವವನು, ಬರೆಯುವವನು. ತಮ್ಮನು ದುಡಿದು ತರುವವನು. ಅಣ್ಣನ ಅಲ್ಪಸ್ವಲ್ಪ ಹಣವೂ ತಮ್ಮನ ವ್ಯಾಪಾರದಲ್ಲಿ ಸೇರಿತ್ತು. ಹೀಗೆ ನಿಶ್ಚಿಂತೆಯಿಂದ ಕುಳಿತು ಮೋಶೆಯು ಯಹೂದಿಗಳ ಸ್ಮೃತಿಗ್ರಂಥವಾದ ಮಿಷ್ನಾಕ್ಕೆ ಅರಬಿ ಭಾಷೆಯಲ್ಲಿ ವ್ಯಾಖ್ಯಾನ ಬರೆದು 1168ರಲ್ಲಿ ಮುಗಿಸಿದನು. ಆ ವ್ಯಾಖ್ಯಾನದಲ್ಲಿ ಒಂದು ಕಡೆ ಬಹು ಖಾರವಾದ ಮಾತುಗಳಿವೆ. ಧರ್ಮಶಾಸ್ತ್ರವನ್ನು ಓದಿದವರು ಆ ಓದಿನ ಹೆಸರಿನಲ್ಲಿ ಸಮಾಜದಿಂದ ದುಡ್ಡು ಎತ್ತಬಾರದು; ವಿದ್ಯೆಯು ಹೊಟ್ಟೆ ಹೊರೆಯುವ ಗುದ್ದಲಿಯಾಗಬಾರದು. ಪೂರ್ವದ ಮಹಾಜ್ಞಾನಿ ಹಿಲ್ಲೆಲನು ಸೌದೆ ಕಡಿದು ಬದುಕಿದನಲ್ಲ, ಅವನು ಒಮ್ಮೆ ಕೈಯೊಡ್ಡಿದ್ದರೆ ಜನ ಅವನ ಮನೆಯನ್ನು ಚಿನ್ನದಿಂದ ತುಂಬುತ್ತಿರಲಿಲ್ಲವೇ ಎಂಬುದು ಅಲ್ಲಿನ ವಾದದ ತಿರುಳು. ಆ ಕಾಲದ ಪಾಠಶಾಲೆಗಳ ಮುಖ್ಯಸ್ಥರಿಗೆ ಇದು ರುಚಿಸುವಂಥ ಮಾತಲ್ಲ. ಮೋಶೆಗೂ ಅದು ತಿಳಿದಿತ್ತು. ಯಾರ ಮುಲಾಜೂ ಇಲ್ಲದೆ ಬರೆಯುತ್ತೇನೆಂಬ ಧಾಟಿ ಅಲ್ಲಿ ಎದ್ದು ಕಾಣುತ್ತದೆ.

ತಮ್ಮನ ಗಳಿಕೆಯಲ್ಲಿ ಉಣ್ಣುವವನಿಗೆ ಇಂಥ ಉಪದೇಶ ಸುಲಭವೆಂದು ಯಾರಾದರೂ ಅಂದರೆ ನಾವು ಅಡ್ಡಿ ಹೇಳಲಾರೆವು. ಆದರೆ ವಿಧಿಯು ಈ ಮಾತಿಗೆ ಬಹು ಬೇಗ ಲೆಕ್ಕ ಕೇಳಿತು.

ದಾವೀದನು ಬರೆದ ಪತ್ರವೊಂದು ಇಂದಿಗೂ ಉಳಿದಿದೆ. ನೈಲ್ ತೀರದ ಕೂಸ್ ಪಟ್ಟಣದಿಂದ ಮರಳುಗಾಡು ದಾಟಿ ಕೆಂಪು ಸಮುದ್ರದ ಐದಾಬ್ ಬಂದರಿಗೆ ಬಂದವನು ಅಲ್ಲಿಂದ ಅಣ್ಣನಿಗೆ ಬರೆದದ್ದು. ಅವನೂ ಜೊತೆಗಾರನೊಬ್ಬನೂ ತಿಳಿಯದೆ ತಂಡವನ್ನು ಬಿಟ್ಟು ಬಂದಿದ್ದರು. ತಂಡದೊಡನೆ ಬಂದವರಾದರೋ ಕಳ್ಳರ ಕೈಗೆ ಸಿಕ್ಕಿದರು, ಕೆಲವರು ನೀರಿಲ್ಲದೆ ಸತ್ತರು. ಇಷ್ಟು ಪಾಡುಪಟ್ಟು ಬಂದರೆ ಐದಾಬಿನಲ್ಲಿ ನೀಲಿಯ ಹೊರತು ಕೊಳ್ಳತಕ್ಕ ಸರಕೇ ಇಲ್ಲ. ಬರಿಗೈಯಲ್ಲಿ ತಿರುಗುವುದು ಹೇಗೆಂದು ಹಿಂದೂದೇಶಕ್ಕೇ ಹಡಗು ಹತ್ತಲು ನಿಶ್ಚಯಿಸಿದ್ದಾನೆ. ಮರಳುಗಾಡಿನಲ್ಲಿ ಕಾಪಾಡಿದವನು ಕಡಲಿನಲ್ಲಿಯೂ ಕಾಪಾಡುವನೆಂದು ಅಣ್ಣನಿಗೆ ಧೈರ್ಯ ಹೇಳಿ, ಮನೆಯಲ್ಲಿರುವ ಎಳೆಯ ಹೆಂಡತಿಯನ್ನು ಸಮಾಧಾನಪಡಿಸುವಂತೆ ಬೇಡಿಕೊಂಡಿದ್ದಾನೆ. ಪರಸ್ಥಳದಿಂದ ಮನೆಗೆ ಕಾಗದ ಬರೆದ ಅಭ್ಯಾಸವಿದ್ದವರಿಗೆ ಈ ಧಾಟಿ ಹೊಸದಲ್ಲ.

ಆ ಹಾದಿ ಆಗಲೇ ಸವೆದ ಹಾದಿ. ಟ್ಯುನೀಸಿಯದ ಮಹದಿಯ ಊರಿನ ಅಬ್ರಹಾಂ ಬೆನ್ ಯಿಜೂ ಎಂಬ ಯಹೂದಿ ವರ್ತಕನು 1132ರಿಂದ 1149ರವರೆಗೆ ಬಹುಕಾಲ ಮಂಗಳೂರಿನಲ್ಲಿಯೇ ಮನೆ ಮಾಡಿದ್ದನು. ಅಡಿಕೆ, ಮೆಣಸು, ಏಲಕ್ಕಿ, ಕಬ್ಬಿಣಗಳನ್ನು ಏಡನ್ನಿಗೆ ಕಳಿಸುವನು; ಅಲ್ಲಿಂದ ಹಳೆಯ ತಾಮ್ರ, ಒಡೆದ ಪಾತ್ರೆಗಳನ್ನು ತರಿಸಿ ತನ್ನ ಕಾರ್ಖಾನೆಯಲ್ಲಿ ಹೊಸದಾಗಿ ಎರಕ ಹೊಯ್ಯಿಸುವನು. ಅಶು ಎಂಬ ಹೆಣ್ಣನ್ನು ದಾಸ್ಯದಿಂದ ಬಿಡಿಸಿದ ಪತ್ರವನ್ನು ಅವನು ಬರೆಸಿದ್ದು 1132ರ ಅಕ್ಟೋಬರ್ 17ರಂದು, ಮಂಗಳೂರಿನಲ್ಲಿ. ಅವನ ವ್ಯಾಪಾರದ ಕೆಲಸವಾಗಿ ಏಡನ್ನಿಗೆ ಹೋಗಿಬರುತ್ತಿದ್ದ ಆಳಿನ ಹೆಸರು ಬೊಮ್ಮ. ಫುಸ್ತಾತದ ಬೆನ್ ಎಜ್ರಾ ಪ್ರಾರ್ಥನಾಮಂದಿರದಲ್ಲಿ ಹಳೆಯ ಕಾಗದಗಳನ್ನು ಹಾಕುವ ಕೋಣೆಯೊಂದಿತ್ತು. ಸೋಲೊಮನ್ ಶೆಕ್ಟರನು 1896–97ರಲ್ಲಿ ಅಲ್ಲಿಂದ ಲಕ್ಷಕ್ಕೂ ಮೀರಿದ ಚೂರುಗಳನ್ನು ಕೇಂಬ್ರಿಜ್ಜಿಗೆ ಸಾಗಿಸಿದನು. ಬೊಮ್ಮನ ಹೆಸರೂ ದಾವೀದನ ಕಾಗದವೂ ದೊರೆತದ್ದು ಅದೇ ರಾಶಿಯಲ್ಲಿ.

ದಾವೀದನು ಹಿಂದೂ ಮಹಾಸಾಗರದಲ್ಲಿ ಮುಳುಗಿ ಸತ್ತನು. ಅವನ ಹಣ, ಅಣ್ಣನ ಹಣ, ನಂಬಿ ಕೊಟ್ಟ ಪರರ ಹಣ ಎಲ್ಲವೂ ಅವನೊಂದಿಗೆ ಹೋಯಿತು. ಉಳಿದದ್ದು ವಿಧವೆಯೊಬ್ಬಳು, ಪುಟ್ಟ ಹೆಣ್ಣುಮಗು. ಮೋಶೆ ಸುಮಾರು ಒಂದು ವರ್ಷ ಜ್ವರದಿಂದಲೂ ದುಃಖದಿಂದಲೂ ಹಾಸಿಗೆ ಹಿಡಿದನು. ಎಂಟು ವರ್ಷದ ಮೇಲೆ ಆಕ್ರೆಯ ಗೆಳೆಯನಿಗೆ ಬರೆದ ಪತ್ರದಲ್ಲಿಯೂ ಆ ಗಾಯ ಹಸಿಯಾಗಿಯೇ ಇದೆ. ತಮ್ಮನ ಕೈಬರಹವನ್ನು ಕಂಡರೆ ಎದೆ ತಿರುವಿದಂತಾಗುವುದೆಂದು ತೋಡಿಕೊಂಡಿದ್ದಾನೆ. ತಾನು ನೆಮ್ಮದಿಯಾಗಿ ಕುಳಿತು ಓದಲೆಂದೇ ಅವನು ಅಂಗಡಿಯಲ್ಲಿ ದುಡಿದನೆಂಬ ನೆನಪು ಅವನನ್ನು ಬಿಡಲಿಲ್ಲ.

ಈಗ ಎರಡೇ ದಾರಿ. ಇಷ್ಟು ದೊಡ್ಡ ಪಂಡಿತನು ಒಂದು ಮಾತು ಆಡಿದ್ದರೆ ಸಮಾಜವು ವರ್ಷಾಸನ ಕಟ್ಟಿಕೊಡುತ್ತಿತ್ತು. ಪದ್ಧತಿಯೂ ಹಾಗೆಯೇ ಇತ್ತು. ಆತನು ಒಲ್ಲೆನೆಂದನು. ಮೊರೊಕ್ಕೋದಲ್ಲಿ ಕಲಿತಿದ್ದ ವೈದ್ಯವಿದ್ಯೆಯನ್ನೇ ವೃತ್ತಿಯಾಗಿ ಹಿಡಿದನು. ಮುಂದೆ ಸುಲ್ತಾನ ಸಲಾಹುದ್ದೀನನ ಮಂತ್ರಿ ಅಲ್ ಕಾದಿ ಅಲ್ ಫಾದಿಲನ ವೈದ್ಯನಾಗಿ ಆಸ್ಥಾನವನ್ನು ಸೇರಿದನು.

ಈ ನಡುವೆಯೇ ಹತ್ತು ವರ್ಷ ಶ್ರಮಪಟ್ಟು ಮಿಷ್ನೆ ತೋರಾ ಎಂಬ ಹದಿನಾಲ್ಕು ಸಂಪುಟಗಳ ಧರ್ಮಸಂಹಿತೆಯನ್ನು ಹೀಬ್ರೂವಿನಲ್ಲಿ ರಚಿಸಿದನು. ಕಾಮರ್ಸ್ ಓದಿದ ನಮಗೆ ಅದರ ಹಣಕಾಸಿನ ಭಾಗಗಳು ಹಿಡಿಸಿದಷ್ಟು ಉಳಿದವು ಹಿಡಿಸಲಿಲ್ಲವೆಂದರೆ ವಾಚಕರು ನಗಬಹುದು. ಕೂಲಿಯಾಳು ಧಣಿಯ ಹೊತ್ತನ್ನು ಅಲ್ಲಿಷ್ಟು ಇಲ್ಲಿಷ್ಟು ಕಳೆಯಬಾರದು. ಧಣಿಯು ಕೂಲಿಯನ್ನು ಹೊತ್ತು ಮೀರಿಸಬಾರದು. ಬುದ್ಧಿವಂತನು ಮೊದಲು ಉದ್ಯೋಗ ಹಿಡಿಯಬೇಕು, ಆಮೇಲೆ ಮನೆ ಕೊಳ್ಳಬೇಕು, ಆಮೇಲೆ ಮದುವೆಯಾಗಬೇಕು. (ಮುಂಬಯಿಯಲ್ಲಿ ಈ ಕ್ರಮವನ್ನು ಪಾಲಿಸಹೊರಟರೆ ನಮ್ಮಲ್ಲಿ ಅನೇಕರು ಬ್ರಹ್ಮಚಾರಿಗಳಾಗಿಯೇ ಉಳಿಯುತ್ತಿದ್ದೆವು.) ಬಡ್ಡಿಯ ಪ್ರಕರಣವಂತೂ ನಮಗೆ ಚುರುಕು ಮುಟ್ಟಿಸಿತು. ಯಹೂದಿಯು ಯಹೂದಿಗೆ ಬಡ್ಡಿಗೆ ಕೊಟ್ಟರೆ ದೋಷವು ಕೊಟ್ಟವನಿಗೆ ಮಾತ್ರವಲ್ಲ. ತೆಗೆದುಕೊಂಡವನಿಗೆ, ಜಾಮೀನು ನಿಂತವನಿಗೆ, ಸಾಕ್ಷಿಗೆ, ಪತ್ರ ಬರೆದ ಕಾರಕೂನನಿಗೂ ಉಂಟು. ಹೊರಗಿನವರಿಗೆ ಬಡ್ಡಿಗೆ ಕೊಡಲು ಶಾಸ್ತ್ರದ ಅಡ್ಡಿಯಿಲ್ಲ. ಆದರೂ ಜೀವನಕ್ಕೆ ಬೇಕಾದಷ್ಟಕ್ಕೇ ನಿಲ್ಲಿಸಬೇಕೆಂಬ ಹಿರಿಯರ ಕಟ್ಟನ್ನು ಆತನು ಎತ್ತಿಹಿಡಿದನು. ಒಳಗಿನವರಿಗೊಂದು, ಹೊರಗಿನವರಿಗೊಂದು ಎಂಬ ಈ ಭೇದ ಇಂದಿನ ನಮಗೆ ಒಪ್ಪಿಗೆಯಾಗುವುದು ಕಷ್ಟ. ಆದರೆ ಅದನ್ನು ಮುಚ್ಚಿಟ್ಟು ಚರಿತ್ರೆ ಬರೆಯಲಾಗದು.

ಆತನ ಹೆಸರು ಇಂದಿಗೂ ಹೆಚ್ಚಾಗಿ ಕೇಳಿಬರುವುದು ದಾನದ ಎಂಟು ಮೆಟ್ಟಿಲುಗಳಿಗಾಗಿ. ಹೀಬ್ರೂವಿನಲ್ಲಿ ದಾನಕ್ಕೆ ಸೆದಾಕಾ ಎನ್ನುತ್ತಾರೆ. ಆ ಮಾತಿನ ಬೇರು ನ್ಯಾಯವೆಂಬುದು. ಎಲ್ಲಕ್ಕೂ ಕೆಳಗಿನ ಮೆಟ್ಟಿಲು ಮುಖ ಸಿಂಡರಿಸಿಕೊಂಡು ಕೊಡುವುದು. ಅದಕ್ಕಿಂತ ಮೇಲು, ಸಾಲದಿದ್ದರೂ ನಗುಮುಖದಿಂದ ಕೊಟ್ಟದ್ದು. ಕೇಳಿದ ಮೇಲೆ ಕೊಟ್ಟದ್ದಕ್ಕಿಂತ ಕೇಳುವ ಮೊದಲೇ ಕೊಟ್ಟದ್ದು ಹೆಚ್ಚು. ಕೊಟ್ಟವನು ಯಾರೆಂದು ತೆಗೆದುಕೊಂಡವನಿಗೆ, ತೆಗೆದುಕೊಂಡವನು ಯಾರೆಂದು ಕೊಟ್ಟವನಿಗೆ ತಿಳಿಯದಿದ್ದರೆ ಇನ್ನೂ ಹೆಚ್ಚು. ನಮ್ಮ ಸಂಘದ ನಿಧಿಪಟ್ಟಿಯಲ್ಲಿ ಹೆಸರು ಮೇಲಕ್ಕೆ ಬರಲಿಲ್ಲವೆಂದು ಮುನಿಸಿಕೊಳ್ಳುವ ಮಹನೀಯರು ಈ ಮೆಟ್ಟಿಲಿನ ಮೇಲೆ ಒಂದು ಗಳಿಗೆ ನಿಲ್ಲಬಹುದು. ಎಲ್ಲಕ್ಕೂ ಮೇಲಿನದು ದಾನದಂತೆ ಕಾಣುವುದೇ ಇಲ್ಲ: ಜಾರುತ್ತಿರುವವನಿಗೆ ಸಾಲ ಕೊಟ್ಟೋ, ವ್ಯಾಪಾರದಲ್ಲಿ ಪಾಲುಗಾರನನ್ನಾಗಿ ಮಾಡಿಕೊಂಡೋ, ಕೆಲಸ ಕೊಡಿಸಿಯೋ ಅವನು ಇನ್ನೊಬ್ಬರ ಮುಂದೆ ಕೈಯೊಡ್ಡದಂತೆ ಮಾಡುವುದು. ಕೈಯೊಡ್ಡುವುದಕ್ಕಿಂತ ಸಂತೆಯಲ್ಲಿ ಸತ್ತ ದನದ ಚರ್ಮ ಸುಲಿದರೂ ಲೇಸೆಂದು ಅದೇ ಅಧ್ಯಾಯದಲ್ಲಿ ಪಂಡಿತರಿಗೂ ಸೇರಿಸಿಯೇ ಹೇಳಿದ್ದಾನೆ. ಆ ಶತಮಾನದಲ್ಲಿಯೇ ಕಲ್ಯಾಣದಲ್ಲಿ ಕಾಯಕದ ವಿಚಾರ ನಡೆದದ್ದು ವಾಚಕರಿಗೆ ತಾನಾಗಿಯೇ ನೆನಪಾದೀತು. ಒಂದಕ್ಕೊಂದು ಗಂಟುಹಾಕುವ ಸಾಹಸ ನಮಗೆ ಬೇಡ.

ಈ ನಿಯಮಕ್ಕೆ ಆತನು ತೆತ್ತ ಬೆಲೆಯೇನು? 1199ರಲ್ಲಿ, ತನ್ನ ಗ್ರಂಥವನ್ನು ಅನುವಾದಿಸುತ್ತಿದ್ದ ಸಾಮ್ಯುಯೆಲ್ ಇಬ್ನ್ ತಿಬ್ಬೋನನಿಗೆ ಬರೆದ ಪತ್ರದಲ್ಲಿ ತನ್ನ ದಿನಚರಿಯನ್ನು ವಿವರಿಸಿದ್ದಾನೆ. ಮನೆ ಫುಸ್ತಾತದಲ್ಲಿ, ಸುಲ್ತಾನನಿರುವುದು ಕೈರೋದಲ್ಲಿ. ನಡುವೆ ಸುಮಾರು ಒಂದೂವರೆ ಮೈಲು. ದಿನವೂ ಬೆಳಗ್ಗೆ ಅರಮನೆಗೆ ಹೋಗಬೇಕು. ಯಾರಿಗೂ ಕಾಯಿಲೆಯಿಲ್ಲದ ದಿನವೂ ಮಧ್ಯಾಹ್ನ ಕಳೆದೇ ಮನೆ. ಹಸಿದು ಬಂದರೆ ಅಂಗಳದ ತುಂಬ ಯಹೂದಿಗಳು, ಅನ್ಯರು, ದೊಡ್ಡವರು, ಬಡವರು. ಅವರ ಕ್ಷಮೆ ಕೇಳಿ ಎರಡು ತುತ್ತು ಉಣ್ಣುವನು. ಇಪ್ಪತ್ನಾಲ್ಕು ಗಂಟೆಯಲ್ಲಿ ಅದೊಂದೇ ಊಟ. ಆಮೇಲೆ ರಾತ್ರಿಯವರೆಗೆ ನಾಡಿ ನೋಡುವುದು, ಔಷಧ ಬರೆಯುವುದು. ದಣಿದು ಮಲಗಿಕೊಂಡೇ ರೋಗಿಗಳೊಡನೆ ಮಾತಾಡಬೇಕಾಗುತ್ತಿತ್ತು. ಸಬ್ಬತ್ತಿನ ದಿನ ಸಮಾಜದವರು ಬಂದು ಸೇರುವರು. ಓದಿಗೆ ಸಿಕ್ಕುತ್ತಿದ್ದದ್ದು ಇದರಲ್ಲಿ ಮಿಕ್ಕ ಹೊತ್ತು.

ವರ್ಷಾಸನ ಪಡೆದಿದ್ದರೆ ಇನ್ನೆಷ್ಟು ಗ್ರಂಥಗಳು ಬರುತ್ತಿದ್ದವೋ ಎಂದು ಮರುಗುವವರುಂಟು. ಹದಿನಾರನೆಯ ಶತಮಾನದ ಧರ್ಮಶಾಸ್ತ್ರಕಾರ ಯೋಸೆಫ್ ಕಾರೋ ಈ ಒಂದು ಅಂಶದಲ್ಲಿ ಮೋಶೆಯನ್ನು ಒಪ್ಪಲಿಲ್ಲ. ಪಂಡಿತರಿಗೆ ಸಂಬಳವಿಲ್ಲದಿದ್ದರೆ ವಿದ್ಯೆಯೇ ಅಳಿದೀತೆಂದು ವಾದಿಸಿದನು. ಬಹುಮಟ್ಟಿಗೆ ಸಮಾಜವು ನಡೆದದ್ದು ಕಾರೋ ಹೇಳಿದ ದಾರಿಯಲ್ಲಿಯೇ. ಸಂಸಾರ ಸಾಕುವವರಾಗಿ ನಮಗೆ ಕಾರೋನ ವಾದದಲ್ಲಿ ತೂಕ ಕಾಣುತ್ತದೆ. ಆದರೆ ಮನಸ್ಸು ಫುಸ್ತಾತದ ಆ ಅಂಗಳದ ಕಡೆಗೇ ವಾಲುತ್ತದೆ.

ಮೋಶೆ ತೀರಿಕೊಂಡದ್ದು 1204ರ ಡಿಸೆಂಬರಿನಲ್ಲಿ. ಆತನ ಸಮಾಧಿಯೆಂದು ಗಲಿಲಾಯದ ತಿಬೇರಿಯದಲ್ಲಿ ಒಂದನ್ನು ತೋರಿಸುತ್ತಾರೆ. ಸಮಾಜದ ನಾಯಕತ್ವವು ಹದಿನೆಂಟು ವರ್ಷದ ಮಗ ಅಬ್ರಹಾಮನ ಹೆಗಲಿಗೆ ಬಂದಿತು. ಅವನೂ ತಂದೆಯಂತೆ ವೈದ್ಯನಾದನು. ಕೈರೋದ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಿ, ಉಳಿದ ಹೊತ್ತಿನಲ್ಲಿ ಶಾಸ್ತ್ರ ಬರೆದನು.