ಮಿದುಳಿನ ಅಲೆಗಳನ್ನು ಕಂಡ ಹಾನ್ಸ್ ಬರ್ಗರ್

ಮನಸ್ಸಿನ ವ್ಯಾಪಾರವನ್ನು ಅಳೆಯಲು ಸಾಧ್ಯವೇ ಎಂಬುದು ಬಹು ಹಳೆಯ ಪ್ರಶ್ನೆ. ಅದನ್ನು ಪ್ರಯೋಗಶಾಲೆಗೆ ತಂದವರಲ್ಲಿ ಜರ್ಮನಿಯ ಹಾನ್ಸ್ ಬರ್ಗರ್ ಅಗ್ರಗಣ್ಯನು.

ಈತನು ೧೮೭೩ರ ಮೇ ೨೧ರಂದು ಕೋಬುರ್ಗ್ ಪಟ್ಟಣದ ಬಳಿ ಜನಿಸಿದನು. ತಂದೆ ವೈದ್ಯನು, ತಾಯಿಯ ತಂದೆ ರ್ಯೂಕರ್ಟ್, ನಳದಮಯಂತಿಯರ ಕಥೆಯನ್ನು ಜರ್ಮನ್ ಭಾಷೆಗೆ ತಂದ ಕವಿ. ಬರ್ಗರನು ತಾರುಣ್ಯದಲ್ಲಿ ಸೈನ್ಯ ಸೇರಿದ್ದಾಗ ಕುದುರೆಯಿಂದ ಉರುಳಿ, ತೋಪಿನ ಗಾಲಿಗೆ ಸಿಕ್ಕದೆ ಕೂದಲೆಳೆಯಲ್ಲಿ ಬದುಕಿಕೊಂಡನು. ಅಂದೇ ಸಂಜೆ ತಂದೆಯಿಂದ ತಂತಿ ಬಂತು; ದೂರದಲ್ಲಿದ್ದ ಸೋದರಿಗೆ ಇವನ ಅಪಾಯ ಮನಸ್ಸಿಗೆ ಹೊಳೆದಿತ್ತಂತೆ! ಖಗೋಳಶಾಸ್ತ್ರವನ್ನು ಬಿಟ್ಟು ಈತನು ವೈದ್ಯನಾದುದು ಈ ಒಗಟನ್ನು ಬಿಡಿಸಲೆಂದೇ.

ಯೇನಾ ನಗರದ ಮನೋರೋಗ ಚಿಕಿತ್ಸಾಲಯದಲ್ಲಿ ಮೊದಲು ಮಿದುಳಿನ ರಕ್ತಸಂಚಾರ, ಉಷ್ಣತೆಗಳನ್ನು ಅಳೆದನು, ಫಲ ಸಿಗಲಿಲ್ಲ. ೧೯೨೪ರಲ್ಲಿ ಮಾನವ ಮಿದುಳಿನ ವಿದ್ಯುತ್ತನ್ನು ಮೊತ್ತಮೊದಲು ದಾಖಲಿಸಿದನು. ಆದರೂ ಸಂಶಯ ಕಳೆಯದೆ ಐದು ವರ್ಷ ಮೌನವಾಗಿದ್ದನು. ಮಗ ಕ್ಲೌಸನ ತಲೆಗೇ ತಂತಿ ಜೋಡಿಸಿ ಮತ್ತೆ ಮತ್ತೆ ಪರೀಕ್ಷಿಸಿದನು. ಕಣ್ಣು ಮುಚ್ಚಿ ಸುಮ್ಮನಿದ್ದಾಗ ಸೆಕೆಂಡಿಗೆ ಸುಮಾರು ೧೦ ಅಲೆಗಳು; ಕಣ್ಣು ತೆರೆದರೆ ಅಥವಾ ಬಾಯಿಲೆಕ್ಕ ಮಾಡಿದರೆ ಅವು ಅಡಗುತ್ತಿದ್ದವು. ೧೯೨೯ರಲ್ಲಿ ಇದನ್ನು ಪ್ರಕಟಿಸಿದಾಗ ನಂಬಿದವರು ವಿರಳ. ೧೯೩೪ರಲ್ಲಿ ಕೇಂಬ್ರಿಜಿನ ಏಡ್ರಿಯನ್ ಮತ್ತು ಮ್ಯಾಥ್ಯೂಸರು ಅದು ನಿಜವೆಂದು ತೋರಿಸಿದ ಮೇಲೆ ಲೋಕವು ಒಪ್ಪಿತು.

ಇಷ್ಟಾದರೂ ಈತನ ಬಾಳು ನಿಷ್ಕಳಂಕವಲ್ಲ. ಹಿಟ್ಲರನ ಆಳ್ವಿಕೆಯಲ್ಲಿ ರೋಗಿಗಳಿಗೆ ಬಲವಂತದ ಸಂತಾನಹರಣವನ್ನು ವಿಧಿಸುತ್ತಿದ್ದ ನ್ಯಾಯಪೀಠದಲ್ಲಿ ಈತನೂ ಕುಳಿತಿದ್ದನು. ಖಿನ್ನತೆಗೆ ತುತ್ತಾಗಿ ೧೯೪೧ರ ಜೂನ್ ೧ರಂದು ತನ್ನ ಪ್ರಾಣವನ್ನು ತಾನೇ ಕಳೆದುಕೊಂಡನು.

ಈತನು ಬಿತ್ತಿದ್ದು ಮುಂದೆ ಫಲಿಸಿತು. ೧೯೮೦ರಲ್ಲಿ ಕುಟಾಸ್ ಮತ್ತು ಹಿಲ್ಯಾರ್ಡರು ಅರ್ಥಕ್ಕೇ ಮಿದುಳು ಮಿಡಿಯುವುದನ್ನು ಅಳೆದರು. ಅವ್ವ ಹಂಚಿನ ಮೇಲೆ ರೊಟ್ಟಿ ಬೇಯಿಸಿದಳೆಂದರೆ ಮಿದುಳು ಶಾಂತ. ಬೆಟ್ಟ ಬೇಯಿಸಿದಳೆಂದರೆ, ಆ ಪದ ಕಿವಿಗೆ ಬಿದ್ದ ಸುಮಾರು ೪೦೦ ಮಿಲಿಸೆಕೆಂಡಿಗೆ ಅಲೆಯೊಂದು ಎದ್ದು ಕಾಣುತ್ತದೆ.

ಅಕ್ಷರ ಬಾರದ ಹಿರಿಯರು ಮೂರ್ಛೆ ಬಂದವನ ಕೈಗೆ ಕಬ್ಬಿಣ ಕೊಡುವುದನ್ನು ಕುಷ್ಟಗಿ ಸೀಮೆಯ ಹಳ್ಳಿಗಳಲ್ಲಿ ನಾನು ಕಂಡಿದ್ದೇನೆ. ಅಂಥವರ ರೋಗವನ್ನು ಗುರುತಿಸಲು ವೈದ್ಯರಿಗೆ ಇಂದು ನೆರವಾಗುವುದು ಬರ್ಗರನ ಅಲೆಗಳೇ. ಅದೇ ಅಲೆಗಳಿಂದ ಆರೋಪಿಯ ಮನಸ್ಸನ್ನು ಬಗೆದು ನೋಡುವ ಪರೀಕ್ಷೆಯೂ ಹುಟ್ಟಿತು. ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಣ ಮೊಕದ್ದಮೆಯಲ್ಲಿ, ೨೦೧೦ರಲ್ಲಿ, ಒಪ್ಪಿಗೆಯಿಲ್ಲದೆ ಅದನ್ನು ಮಾಡಕೂಡದೆಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. ಆ ತೀರ್ಪು ಯೋಗ್ಯವೆಂದೇ ನನ್ನ ಎಣಿಕೆ. ಮಿದುಳನ್ನು ಅಳೆಯುವ ವಿದ್ಯೆ ಎಷ್ಟೇ ಬೆಳೆಯಲಿ, ಮನುಷ್ಯನ ಮರ್ಯಾದೆಯನ್ನು ಕಾಯುವ ವಿವೇಕವೂ ಅದರೊಡನೆ ಬೆಳೆಯಬೇಕೆಂಬುದೇ ಬರ್ಗರನ ಬಾಳಿನಿಂದ ನಾವು ಕಲಿಯುವ ಪಾಠ.